ದಿಲ್ಲಿ ಸಮ್ಮೇಳನ: ಟಿಕೆಟಿನ ವಿಷಯ

ಎಲ್ಲರಿಗೂ ನಮಸ್ಕಾರ.

ಸಮ್ಮೇಳನ ಮೇ 23, 24ಕ್ಕೆ. ನಾವು 20ರಂದು ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್‌ಗೆ (12617) ಹತ್ತಿದರೆ 22ರ ಮಧ್ಯಾಹ್ನ ದಿಲ್ಲಿಯ ನಿಜಾಮುದ್ದೀನ್ ಸ್ಟೇಶನ್.

ಬುಕ್ಕಿಂಗ್ 60 ದಿನ ಮೊದಲು, ಅಂದರೆ ಮಾರ್ಚ್ 21ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಶಾಲೆಗೆ ರಜೆಯ ಸಮಯ, ತಡ ಮಾಡಿದರೆ ವೇಟಿಂಗ್ ಲಿಸ್ಟೇ ಗತಿ. ಆದ್ದರಿಂದ ಬರುವವರೆಲ್ಲ ಮಾರ್ಚ್ 18ರೊಳಗೆ ಆಧಾರಿನಲ್ಲಿ ಇಂಗ್ಲಿಷಿನಲ್ಲಿ ಇರುವ ಹಾಗೆಯೇ (ಇನಿಷಿಯಲ್ ಸಹಿತ) ಹೆಸರು, ಪ್ರಾಯ ನನಗೆ ಪ್ರತ್ಯೇಕ ಕಳುಹಿಸಿ. ಆಧಾರ್ ನಂಬ್ರ ಗ್ರೂಪಿಗೆ ಹಾಕಬೇಡಿ.

ಒಂದು ಟಿಕೆಟಿನಲ್ಲಿ ಆರು ಜನ ಆಗುತ್ತದೆ. ಆದರೆ ಹಿರಿಯರ ಕೋಟಾದ ಕೆಳಗಿನ ಬರ್ತ್ ಒಬ್ಬರು ಅಥವಾ ಇಬ್ಬರೇ ಇರುವ ಟಿಕೆಟಿಗೆ ಮಾತ್ರ. ಗಂಡಸರಿಗೆ 60, ಹೆಂಗಸರಿಗೆ 45 ದಾಟಿರಬೇಕು. ಮೊಣಕಾಲು ನೋವಿನವರು ಈಗಲೇ ಹೇಳಿ, ಬೇರೆ ಟಿಕೆಟ್ ಮಾಡುವ. ರೈಲು ಹತ್ತಿದ ಮೇಲೆ ಟಿಟಿಯವರ ಹಿಂದೆ ನಡೆದು ಪ್ರಯೋಜನ ಇಲ್ಲ.

ಊಟ, ವಸತಿ ಆರ್.ಕೆ. ಪುರದ ಕರ್ನಾಟಕ ಸಂಘದ ಹತ್ತಿರ. ನಿಜಾಮುದ್ದೀನಿನ ಪಕ್ಕದ ಸರಾಯ್ ಕಾಲೇ ಖಾನ್ ಸ್ಟೇಶನ್‌ನಿಂದ ಪಿಂಕ್ ಲೈನ್ ಮೆಟ್ರೋ. ಸರ್ ವಿಶ್ವೇಶ್ವರಯ್ಯ ಮೋತಿಬಾಗ್‌ನಲ್ಲಿ ಇಳಿಯುವುದು, ಮಧ್ಯೆ ಬದಲಾಯಿಸಲಿಕ್ಕಿಲ್ಲ.

ದಿಲ್ಲಿಯ ಮೇ ಬಿಸಿಲು ನಮ್ಮ ಸೆಕೆಯ ಹಾಗಲ್ಲ, ಬೆವರು ಬಂದದ್ದೇ ಗೊತ್ತಾಗದೆ ಒಣಗುತ್ತದೆ. ಹತ್ತಿ ಬಟ್ಟೆ, ಕೊಡೆ, ನಾಲ್ಕೈದು ಓಆರ್‌ಎಸ್ ಪ್ಯಾಕೆಟ್ ಇರಲಿ.

ಬಾರದವರೂ "ಇಲ್ಲ" ಅಂತ ಒಂದು ಮಾತು ಹಾಕಿ, ಲೆಕ್ಕಕ್ಕೆ ಬೇಕು.