ಎಲೆಕ್ಟ್ರಿಕ್ ವೀಲ್‌ಚೇರ್ ತೆಗೆದುಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಯಾವ ವೀಲ್‌ಚೇರ್ ಒಳ್ಳೆಯದು ಅಂತ ಗ್ರೂಪಿನಲ್ಲಿ ತುಂಬ ಜನ ಕೇಳುತ್ತಿದ್ದೀರಿ. ಕಂಪನಿ ಹೆಸರು ಆಮೇಲೆ ನೋಡುವ, ಮೊದಲು ಟೇಪ್ ಹಿಡಿದು ಬಚ್ಚಲಿನ ಬಾಗಿಲು ಅಳೆಯಿರಿ. ಹಳೇ ಹಂಚಿನ ಮನೆಗಳಲ್ಲಿ ಅದು ಇಕ್ಕಟ್ಟು, ಹೊಸ್ತಿಲು ಬೇರೆ ಎತ್ತರ.

ಮಂಗಳೂರಿನಲ್ಲಿ ದೊಡ್ಡ ತಲೆಬಿಸಿ ಏರುತಗ್ಗಿನದ್ದು. ಅಂಗಡಿಯ ನುಣುಪು ಟೈಲ್ಸ್ ಮೇಲೆ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ, ಅಲ್ವಾ? ಬಳಸುವವರನ್ನೇ ಕೂರಿಸಿ, ಜೊತೆಗೊಬ್ಬರು ನಿಂತು, ಇಳಿಜಾರಿನಲ್ಲಿ ಜಾಯ್‌ಸ್ಟಿಕ್ (ಗಾಡಿ ಓಡಿಸುವ ಹಿಡಿ) ಬಿಡಲು ಹೇಳಿ: ಗಾಡಿ ಅಲ್ಲೇ ನಿಲ್ಲಬೇಕು, ಜಾರಬಾರದು. ಹಿಂದಕ್ಕೆ ಮಗುಚದ ಹಾಗೆ ಸಣ್ಣ ಚಕ್ರಗಳಿವೆಯಾ ನೋಡಿ. ಮನೆಗೆ ರ‍್ಯಾಂಪ್ ಹಾಕಿಸುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಮೇಸ್ತ್ರಿ ಅದಕ್ಕಿಂತ ಕಡಿಮೆ ಸಾಕು ಅಂದರೂ ಒಪ್ಪಬೇಡಿ.

ಮಡಚುತ್ತದೆ ಅಂದ ಕೂಡಲೇ ಸುಮ್ನೆ ಖುಷಿ ಪಡಬೇಡಿ, ಕಾರಿನ ಡಿಕ್ಕಿಗೆ ಎತ್ತಿ ಇಡುವವರು ಯಾರು? ಲಿಥಿಯಂ ಬ್ಯಾಟರಿಯದ್ದು ಹಗುರ, ರೇಟು ಜಾಸ್ತಿ. ಮಳೆಗಾಲದಲ್ಲಿ ಜಾಯ್‌ಸ್ಟಿಕ್‌ಗೆ ನೀರು ಹೋದರೆ ಕೆಲಸ ಕೆಟ್ಟಿತು, ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಕೈ ನಡುಗುವವರು, ಬೆನ್ನು ಕುತ್ತಿಗೆ ನಿಲ್ಲದವರು ಫಿಸಿಯೋಥೆರಪಿಯವರನ್ನು ಕೇಳದೆ ಆನ್‌ಲೈನಿನಲ್ಲಿ ತರಿಸಬೇಡಿ. ರಿಪೇರಿಗೆ ಉಡುಪಿ, ಮಂಗಳೂರಿಗೇ ಜನ ಬರುತ್ತಾರಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ.