ಕಲ್ಫ್ ಊರಿನ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದಾಗ ಒಂದು ದಿನ ಬಿಡುವು ಸಿಕ್ಕರೆ ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀಯ. ಮಂಗಳೂರಿನವನಾದ ನಿನಗೆ ನಾನು ಹೇಳುವುದು ಕಲ್ಫ್ ಎಂಬ ಪುಟ್ಟ ಊರನ್ನು. ಅದು ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸೀಮೆಯ ಉತ್ತರ ಭಾಗದಲ್ಲಿ, ನಾಗೋಲ್ಡ್ ನದಿಯ ಇಕ್ಕಟ್ಟಾದ ಕಣಿವೆಯಲ್ಲಿದೆ. ನದಿಯೆಂದೊಡನೆ ನೇತ್ರಾವತಿಯನ್ನು ನೆನೆಯಬೇಡ. ಇದು ಘಟ್ಟದ ಹೊಳೆಯಷ್ಟೇ ಅಗಲದ್ದು. ಆದರೂ ಊರಿಗೆ ಅನ್ನ ಕೊಟ್ಟದ್ದು ಈ ನೀರೇ. ಚರ್ಮ ಹದಮಾಡುವವರೂ ಬಣ್ಣ ಹಾಕುವವರೂ ಇದರ ದಡದಲ್ಲಿ ನೆಲೆಸಿದ್ದರು. ಕಾಡಿನಲ್ಲಿ ಕಡಿದ ಮರಗಳನ್ನು ತೆಪ್ಪವಾಗಿ ಕಟ್ಟಿ, ನಾಗೋಲ್ಡ್‌ನಿಂದ ಎನ್ಸ್, ನೆಕಾರ್, ರೈನ್ ನದಿಗಳಿಗೆ ಇಳಿಸಿ, ನೆದರ್ಲೆಂಡಿನ ತನಕ ತೇಲಿಸುತ್ತಿದ್ದರು.

1634ರಲ್ಲಿ, ಮೂವತ್ತು ವರ್ಷಗಳ ಯುದ್ಧದ ನಡುವೆ, ಊರು ಸುಟ್ಟುಹೋಯಿತು. 1692ರಲ್ಲಿ ಫ್ರೆಂಚ್ ಸೈನ್ಯ ಮತ್ತೊಮ್ಮೆ ಬೆಂಕಿಯಿಟ್ಟಿತು. ಆದ್ದರಿಂದ ಪೇಟೆ ಚೌಕದ ಸುತ್ತ ಇಂದು ಕಾಣುವ ಮರದ ಚೌಕಟ್ಟಿನ ಮನೆಗಳಲ್ಲಿ ಹೆಚ್ಚಿನವು ಆಮೇಲೆ ಕಟ್ಟಿದವು. ಸುಮಾರು 1400ರ ಕಾಲದ ಕಲ್ಲಿನ ಸೇತುವೆ ಮಾತ್ರ, ತನ್ನ ನಡುವಿನ ಸಂತ ನಿಕೋಲಾಸನ ಕಿರುಗುಡಿಯೊಡನೆ, ಇನ್ನೂ ನಿಂತಿದೆ. ಆ ಸೇತುವೆಯ ಮೇಲೆ ಹರ್ಮನ್ ಹೆಸ್ಸೆಯ ಕಂಚಿನ ಪ್ರತಿಮೆಯಿದೆ. 1946ರಲ್ಲಿ ನೊಬೆಲ್ ಪಡೆದ ಈ ಲೇಖಕ 1877ರ ಜುಲೈ 2ರಂದು ಪೇಟೆ ಚೌಕದ ಒಂದು ಮನೆಯಲ್ಲಿ ಹುಟ್ಟಿದ. ಪ್ರವಾಸಿಗರೆಲ್ಲ ಬರುವುದು ಅವನಿಗಾಗಿ. ನನ್ನನ್ನು ಕೇಳಿದರೆ, ನೀನು ಹೋಗಬೇಕಾದದ್ದು ಅವನ ತಾತನಿಗಾಗಿ.

ತಾಯಿಯ ತಂದೆ ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ತಲಶ್ಶೇರಿಯಲ್ಲಿ ದುಡಿದು, ಮಲಯಾಳವನ್ನು ಆಳವಾಗಿ ಕಲಿತು, 1859ರಲ್ಲಿ ಜರ್ಮನಿಗೆ ಮರಳಿದವರು. ಆಮೇಲೆ ಕಲ್ಫ್‌ನ ಪ್ರಕಾಶನ ಸಂಸ್ಥೆಯೊಂದನ್ನು ನಡೆಸುತ್ತಲೇ ನಿಘಂಟಿನ ಕೆಲಸವನ್ನೂ ಮುಂದುವರಿಸಿದರು. ಅವರ ಮಲಯಾಳ–ಇಂಗ್ಲಿಷ್ ನಿಘಂಟು 1872ರಲ್ಲಿ ಅಚ್ಚಾದದ್ದು ನಿಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅವರ ಮಗಳು, ಅಂದರೆ ಹರ್ಮನ್ ಹೆಸ್ಸೆಯ ತಾಯಿ ಮರೀ, ಹುಟ್ಟಿದ್ದು 1842ರಲ್ಲಿ, ಮಲಬಾರಿನಲ್ಲಿ. ಮಂಗಳೂರಿನಲ್ಲಿ ಮಿಷನ್ನಿನ ಕೆಲಸದಲ್ಲಿದ್ದು, ಆರೋಗ್ಯ ಕೆಟ್ಟು ಹಿಂದಿರುಗಿದ ಯೋಹಾನ್ನೆಸ್ ಹೆಸ್ಸೆ ಗುಂಡರ್ಟರಿಗೆ ಸಹಾಯಕನಾಗಿ ಕಲ್ಫ್‌ಗೆ ಬಂದು, 1874ರಲ್ಲಿ ಅವಳ ಕೈಹಿಡಿದ. ಹರ್ಮನ್ ಹೆಸ್ಸೆಯ ಬರಹದಲ್ಲಿ ಭಾರತ ಎಲ್ಲಿಂದ ಬಂತೆಂದು ಬೆರಗಾಗುವವರು ಮೊದಲು ಈ ಮನೆತನದ ಕಥೆಯನ್ನು ಓದಬೇಕು. ಗುಂಡರ್ಟರು 1893ರಲ್ಲಿ ಕಲ್ಫ್‌ನಲ್ಲೇ ತೀರಿಕೊಂಡರು.

ಮಧ್ಯಾಹ್ನದ ಮೇಲೆ ನದಿ ಹರಿಯುವ ದಿಕ್ಕಿನಲ್ಲೇ ಹಿರ್ಸಾವ್‌ಗೆ ನಡೆದುಬಿಡು. ಸುಮಾರು ಮೂರು ಕಿಲೋಮೀಟರ್ ಆದೀತು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಅಲ್ಲಿನ ದೊಡ್ಡ ಕ್ರೈಸ್ತ ಮಠವೂ 1692ರಲ್ಲೇ ಸುಟ್ಟುಹೋಯಿತು. ಈಗ ಒಂದು ಗೋಪುರವೂ ಪಾಳುಗೋಡೆಗಳೂ ಉಳಿದಿವೆ. ಕಲ್ಫ್‌ಗೆ ಹೋಗುವ ಹಳೆಯ ರೈಲುಮಾರ್ಗದ ಸುರಂಗಗಳಲ್ಲಿ ಬಾವಲಿಗಳು ನೆಲೆಸಿದ್ದುದರಿಂದ, ಮಾರ್ಗವನ್ನು ಮತ್ತೆ ತೆರೆಯುವ ಕೆಲಸದಲ್ಲಿ ಅವುಗಳಿಗೆಂದೇ ಒಳಗೆ ಗೋಡೆ ಕಟ್ಟಿ ಬೇರೆ ಜಾಗ ಬಿಡಬೇಕಾಯಿತು. ಹೊರಡುವ ದಿನ ಮುಂಚಿತವಾಗಿ ತಿಳಿಸು, ಪೇಟೆ ಚೌಕಕ್ಕೆ ನಾನೂ ಬರುತ್ತೇನೆ.

ಇಂತಿ ನಿನ್ನ ಗೆಳೆಯ