ಮಗಳಿಗೊಂದು ಪತ್ರ: ಆರ್ಕಿಡ್ ಬೇರು ಬೆಳ್ಳಗಾದಾಗ

ಶಿರಸಿ

ಪ್ರೀತಿಯ ಪುಟ್ಟಿ,

ನಿನ್ನೆ ವಿಡಿಯೋ ಕಾಲ್‌ನಲ್ಲಿ ನಿನ್ನ ಆರ್ಕಿಡ್ ನೋಡಿದಾಗಿನಿಂದ ನನಗೆ ಅದೇ ಯೋಚನೆ. ಎಲೆಗಳೆಲ್ಲ ಸುಕ್ಕುಗಟ್ಟಿ ಜೋತುಬಿದ್ದಿವೆ. "ಪ್ರತಿ ಭಾನುವಾರ ಒಂದು ಲೋಟ ನೀರು ಹಾಕ್ತೀನಮ್ಮ, ಆದ್ರೂ ಹೀಗಾಗಿದೆ" ಅಂದೆಯಲ್ಲ, ನಿನ್ನ ಮುಖ ನೋಡಿ ಪಾಪ ಅನ್ನಿಸಿತು.

ನೀನು ನೀರು ಹಾಕಿದ್ದು ನಿಜ. ಗಿಡಕ್ಕೆ ಸಿಕ್ಕಿಲ್ಲ, ಅಷ್ಟೆ. ಹೋದ ತಿಂಗಳು ಕುಂಡ ಬದಲಿಸಿ, ಮಣ್ಣಿನ ಬದಲು ಹಾಕುವ ಮರದ ತೊಗಟೆ ಚೂರು ಹೊಸದು ತುಂಬಿದೆ ಅಲ್ವಾ? ಒಣ ತೊಗಟೆ ಸುಲಭಕ್ಕೆ ನೀರು ಕುಡಿಯುವುದಿಲ್ಲ. ಮೇಲೆ ಹಾಕಿದ್ದು ಸಂದಿಯಲ್ಲಿ ಇಳಿದು ಸೀದಾ ತಟ್ಟೆಗೆ ಬರುತ್ತದೆ. ಹಳೆಯ ತೊಗಟೆ ಕೊಳೆತು ಮೆತ್ತಗಾಗಿತ್ತು, ನೀರು ಹಿಡಿದಿಡುತ್ತಿತ್ತು. ಆಗ ಒಂದು ಲೋಟ ಸಾಕಾಗಿದ್ದು ಅದಕ್ಕೇ. ಹೊಸ ಚೂರನ್ನು ಕಡಲೆ ನೆನೆಹಾಕಿದ ಹಾಗೆ ಒಂದಿಡೀ ರಾತ್ರಿ ನೆನೆಸಿ ತುಂಬಬೇಕಿತ್ತು. ಇದನ್ನು ನಾನು ಆಗಲೇ ಹೇಳಬೇಕಿತ್ತು, ಮರೆತೆ.

ಅದರ ಮೇಲೆ ಶಿಕಾಗೋದ ಜನವರಿ ಬೇರೆ. ಹೊರಗಿನ ಥಂಡಿ ಗಾಳಿಯಲ್ಲಿ ಪಸೆಯೇ ಕಡಿಮೆ. ಅದನ್ನು ಒಳಗೆ ತಂದು ಬಿಸಿ ಮಾಡಿದರೆ ಮನೆಯೆಲ್ಲ ಒಣ ಒಣ. ನಿನ್ನ ಮೀಟರ್ ತೇವಾಂಶ ಶೇ. 22 ಅಂತ ತೋರಿಸುತ್ತಿತ್ತು. ಈ ಗಿಡಕ್ಕೆ ಶೇ. 50 ದಾಟಿದರೆ ಹಿತ.

ನಮ್ಮ ಹಿತ್ತಲಿನ ಹಲಸಿನ ಮರದ ಸೀತಾಳೆ ದಂಡೆ ನೆನಪಿದೆಯಾ? ಅದೂ ಆರ್ಕಿಡ್ಡೇ. ನೀನು ಚಿಕ್ಕವಳಿದ್ದಾಗ ಬೆರಳು ಒದ್ದೆ ಮಾಡಿಕೊಂಡು ಅದರ ಬೇರಿನ ಮೇಲೆ ಗೆರೆ ಎಳೆಯುತ್ತಿದ್ದೆ. ಬೆಳ್ಳಿ ಬಣ್ಣದ ಬೇರಿನ ಮೇಲೆ ನಿನ್ನ ಬೆರಳು ಹೋದಲ್ಲೆಲ್ಲ ಹಸಿರು ಗೆರೆ ಮೂಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾಯ. ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತದೆ. ಒಣಗಿದಾಗ ಬೆಳ್ಳಗೆ ಕಾಣುತ್ತದೆ. ನೀರು ಹೀರಿದಾಗ ಪಾರದರ್ಶಕ ಆಗಿ ಒಳಗಿನ ಹಸಿರು ತೋರಿಸುತ್ತದೆ. ನಿನ್ನ ಗಿಡವೂ ಅದೇ ಭಾಷೆಯಲ್ಲಿ ಮಾತಾಡುತ್ತಿದೆ.

ಮೊದಲು ಗಿಡವನ್ನು ಮೆಲ್ಲಗೆ ಎತ್ತಿ ಬೇರು ನೋಡು. ಬೇರು ಕೊಳೆತರೂ ಎಲೆ ಹೀಗೇ ಸುಕ್ಕಾಗುತ್ತದೆ. ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಪಿಚಕ್ ಅನ್ನುವ ಬೇರನ್ನು ಚೊಕ್ಕ ಕತ್ತರಿಯಿಂದ ತೆಗೆದುಬಿಡು. ಹಾಗೇನಾದರೂ ಕತ್ತರಿಸಿದರೆ ಎರಡು ಮೂರು ದಿನ ಬಿಟ್ಟು ನೀರು ಕೊಡು, ಗಾಯ ಒಣಗಲಿ. ನಿನ್ನೆ ಕಂಡ ಬೇರು ಬೆಳ್ಳಗೆ, ಗಟ್ಟಿಯಾಗಿಯೇ ಇದ್ದವು. ಅದಕ್ಕೇ ನನಗೆ ಇನ್ನೂ ಆಸೆ ಇದೆ.

ಬೆಳಿಗ್ಗೆ ಒಂದು ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು ತಗೋ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರದ ನೀರು ಬೇಡ, ಅದರಲ್ಲಿ ಉಪ್ಪಿನಂಶ ಇರುತ್ತದೆ. ತೊಗಟೆ ಮುಳುಗುವಷ್ಟು ಮಾತ್ರ ಕುಂಡ ಇಳಿಸಿ 20 ನಿಮಿಷ ಬಿಡು. ಚೂರುಗಳು ಮೇಲೆ ತೇಲುತ್ತವೆ, ಕೈಯಿಂದ ಅದುಮಿ ಹಿಡಿ. ಆಮೇಲೆ ತೆಗೆದು ಕೊನೇ ಹನಿ ಇಳಿಯುವ ತನಕ ಸಿಂಕ್‌ನಲ್ಲಿಡು. ಎಲೆ ಕೂಡುವ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ತುದಿಯಿಂದ ಹೀರಿಸು, ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ. ಆಗಲೇ ಕುಂಡ ಕೈಯಲ್ಲಿ ಎತ್ತಿ ನೋಡು, ಆ ಭಾರ ನೆನಪಿರಲಿ.

ಮತ್ತೆ ಯಾವಾಗ? ಕುಂಡ ಹಗುರಾಗಿ, ಬೇರು ಬೆಳ್ಳಗಾದಾಗ. ಅದು ನಾಲ್ಕು ದಿನಕ್ಕೂ ಆಗಬಹುದು, ಎಂಟು ದಿನಕ್ಕೂ ಆಗಬಹುದು. ಭಾನುವಾರದ ಲೆಕ್ಕ ಬಿಟ್ಟುಬಿಡು.

ಹೀಟರ್ ಗಾಳಿ ಬೀಸುವ ಆ ಜಾಗದಿಂದ ಇವತ್ತೇ ಎತ್ತಿಡು. ಹತ್ತಿರ ಗಾಳಿಗೆ ಪಸೆ ಕೊಡುವ ಹ್ಯೂಮಿಡಿಫೈಯರ್ ಇಟ್ಟರೆ ಗಿಡಕ್ಕೂ ಒಳ್ಳೆಯದು, ನಿನಗೂ ಒಳ್ಳೆಯದು. ಹೊಸ ಬೇರಿನ ಹಸಿರು ತುದಿ ಕಾಣುವ ತನಕ ಗೊಬ್ಬರ ಹಾಕಬೇಡ.

ಹಳೇ ಎಲೆಯ ಸುಕ್ಕು ಪೂರ್ತಿ ಹೋಗದೆಯೂ ಇರಬಹುದು. ಅದಕ್ಕೆ ಬೇಜಾರು ಮಾಡ್ಕೋಬೇಡ, ಮುಂದೆ ಬರುವ ಎಲೆ ನೋಡು. ನೆನೆಸುವ ಮೊದಲು ಒಂದು, ನೆನೆಸಿದ ಮೇಲೆ ಒಂದು, ಬೇರಿನ ಫೋಟೋ ಕಳಿಸು. ನಿನ್ನ ತುಟಿಯೂ ಒಡೆದಿತ್ತು, ರಾತ್ರಿ ತುಪ್ಪ ಹಚ್ಚಿಕೊಂಡು ಮಲಗು.

ನಿನ್ನ
ಅಮ್ಮ